ಮುಧೋಳದ ನಾಯಿ ಮನೆಗೆ ಬಂದ ಮೇಲೆ



ತೊಗರಿಯ ಗೊಡ್ಡು ರೋಗ, ಹತ್ತಿಯ ಗುಲಾಬಿ ಕಾಯಿಕೊರಕ ಇವುಗಳ ಮಾತನ್ನು ಇವತ್ತು ಒಂದು ಕಡೆ ಇಡೋಣ. ಇವತ್ತಿನ ವಿಷಯ ನಾಯಿ. ಅದೂ ಊರೊಳಗೆ ತಾನಾಗಿ ಹುಟ್ಟಿ ತಾನಾಗಿ ಬೆಳೆಯುವ ನಾಯಿಯಲ್ಲ. ದುಡ್ಡು ಕೊಟ್ಟು ತಂದು ಸಾಕುವ ಬೇಟೆ ನಾಯಿ, ಮುಧೋಳ ನಾಯಿ ಎಂದು ಹೆಸರಾದದ್ದು. ‘ಸಾಹೇಬ್ರಿಗೆ ಬ್ಯಾರೆ ಕೆಲಸ ಇಲ್ಲೇನು’ ಎಂದು ನಗುವವರು ನಗಲಿ. ಬಳಿಚಕ್ರದ ಸುತ್ತಿನ ಹಳ್ಳಿಗಳಲ್ಲಿ, ಅತ್ತ ಶಹಾಪುರ ಸುರಪುರದ ಕಡೆಗೆ ತಿರುಗಾಡುವಾಗ, ಬೆಳೆಯ ಮಾತು ಮುಗಿದ ಮೇಲೆ ಒಬ್ಬರಾದರೂ ತಡೆದು ಕೇಳುತ್ತಾರೆ: ‘ನಾಯಿ ಎಷ್ಟು ಹಾಕಿದ್ರೂ ಬಡಕಲಾನೇ ಅದರಿ. ಕಟ್ಟಿದ್ರ ಇಡೀ ರಾತ್ರಿ ಒದರ್ತದ. ಬಿಟ್ರ ಕುರಿ ಹಿಡೀತದ. ಏನು ಮಾಡ್ಬೇಕ್ರಿ?’

ಪ್ರಶ್ನೆ ಮೂರಾದರೂ ಮೂಲ ಒಂದೇ. ಓಡುವುದಕ್ಕೆಂದೇ ಬೆಳೆಸಿದ ಪ್ರಾಣಿಯನ್ನು ನಾವು ಕಾವಲು ನಾಯಿಯಂತೆ ಸಾಕುತ್ತೇವೆ. ಎತ್ತೂ ಎಮ್ಮೆಯೂ ಎರಡೂ ಕೊಟ್ಟಿಗೆಯ ಪ್ರಾಣಿಗಳೇ. ಹಾಗೆಂದು ಮಟಮಟ ಮಧ್ಯಾಹ್ನ ಎಮ್ಮೆಯನ್ನು ಹೂಡಿ ಗಳೆ ಹೊಡೆಯುವವರು ಯಾರಾದರೂ ಉಂಟೇ? ನಾಯಿ ನಾಯಿಗೂ ಅಷ್ಟೇ ಅಂತರ ಉಂಟು.

ಮುಧೋಳ ಈಗ ಬಾಗಲಕೋಟೆ ಜಿಲ್ಲೆಯ ಊರು. ಹಿಂದೆ ಘೋರ್ಪಡೆ ಅರಸರ ಸಣ್ಣ ಸಂಸ್ಥಾನವಾಗಿತ್ತು. ರಾಜಾ ಮಾಲೋಜಿರಾವ್ ಘೋರ್ಪಡೆಯವರು ಆ ಸೀಮೆಯ ಬೇಟೆಗಾರ ಜನರ ಹತ್ತಿರ ಇದ್ದ ಸಣ್ಣ ಸೊಂಟದ, ಉದ್ದ ಕಾಲಿನ ನಾಯಿಗಳನ್ನು ಕಂಡು, ಅವುಗಳಲ್ಲಿ ಒಳ್ಳೆಯವನ್ನು ಆಯ್ದು ತಳಿಯನ್ನು ಉಳಿಸಿದರು. ಇಂಗ್ಲೆಂಡಿಗೆ ಹೋದಾಗ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆಯಾಗಿ ಕೊಟ್ಟರೆಂದು ಪ್ರಸಿದ್ಧಿ. ಮಹಾರಾಷ್ಟ್ರದ ಕಡೆ ಇಂಥ ನಾಯಿಗೆ ಕಾರವಾನಿ ಎನ್ನುತ್ತಾರೆ. 2005ರಲ್ಲಿ ಅಂಚೆ ಇಲಾಖೆ ದೇಶದ ನಾಯಿ ತಳಿಗಳ ಚೀಟಿ ಹೊರಡಿಸಿದಾಗ ಅದರಲ್ಲಿ ಮುಧೋಳವೂ ಇತ್ತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ತಳಿಗಾಗಿ ಒಂದು ಕೇಂದ್ರವನ್ನೇ ನಡೆಸುತ್ತಾರೆ. 2016ರಲ್ಲಿ ಅಲ್ಲಿಂದ ಮರಿಗಳು ಮೀರತ್‌ನ ಸೈನ್ಯದ ಕೇಂದ್ರಕ್ಕೆ ತರಬೇತಿಗೆ ಹೋದವು. 2020ರ ಆಗಸ್ಟಿನಲ್ಲಿ ಪ್ರಧಾನಿಯವರು ರೇಡಿಯೋ ಭಾಷಣದಲ್ಲಿ ಈ ನಾಯಿಯ ಹೆಸರು ಹೇಳಿದರು. ಅಷ್ಟಾದ ಮೇಲೆ ಕೇಳಬೇಕೇ? ಹೆಸರು ಬಂದ ಹಿಂದೆಯೇ ಬೆಲೆಯೂ ಬಂತು, ನಮ್ಮ ಹುಡುಗರಿಗೆ ಹುಮ್ಮಸ್ಸೂ ಬಂತು. ಸುರಪುರ ಬೇಡ ನಾಯಕರ ಸಂಸ್ಥಾನವಾಗಿದ್ದ ಸೀಮೆ. ಬೇಟೆಯ ಮಾತು ನಮಗೆ ಹೊಸದಲ್ಲ. ಮೈಲಾಪುರದ ಮಲ್ಲಯ್ಯನಿಗೆ ನಡೆದುಕೊಳ್ಳುವ ಮನೆಗಳಲ್ಲಂತೂ ನಾಯಿ ದೇವರ ಸಂಗಾತಿ. ಸಾಕುವ ಆಸೆ ತಪ್ಪಲ್ಲ. ಆದರೆ ಮರಿ ತರುವ ಮೊದಲು ಅದರ ಮೈಯನ್ನು ಅರಿಯಬೇಕು.

ಆ ಮೈಯನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿರಿ. ಹೆಗಲಿನವರೆಗೆ ಎರಡೂಕಾಲು ಅಡಿಯ ಆಸುಪಾಸು ಎತ್ತರ. ಎದೆ ಆಳ, ಹೊಟ್ಟೆ ಬೆನ್ನಿಗೆ ಹತ್ತಿದಂತೆ. ಆಳವಾದ ಎದೆಯೊಳಗೆ ದೊಡ್ಡ ಹೃದಯ, ದೊಡ್ಡ ಶ್ವಾಸಕೋಶ. ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಓಡುವಾಗ ಒಂದೊಂದು ನೆಗೆತದಲ್ಲಿ ಎರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ: ಮೈ ಚಾಚಿದಾಗ ಒಮ್ಮೆ, ಮೈ ಮುದುರಿದಾಗ ಒಮ್ಮೆ. ನಾಗಾಲೋಟದ ಕುದುರೆಗೂ ಹಾಗೆ ಆಗುವುದು ಒಂದೇ ಸಲ. ಇದೇ ಮೈಕಟ್ಟಿನ ಇಂಗ್ಲೆಂಡಿನ ಗ್ರೇಹೌಂಡ್ ನಾಯಿ ಗಂಟೆಗೆ 60 ಕಿಲೋಮೀಟರಿಗೂ ಮೀರಿ ಓಡುತ್ತದೆ. ಬೇರೆ ಬೇಟೆ ನಾಯಿಗಳು ಮೂಸಿ ಹುಡುಕುತ್ತವೆ. ಇದು ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಏನೋ ಅಲುಗಾಡಿತೆಂದರೆ ಸಾಕು, ಹೊರಟೇಬಿಡುತ್ತದೆ. ಆಗ ನಿಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ. ಮೊಂಡುತನವೆಂದು ತಿಳಿದು ಹೊಡೆಯುತ್ತೀರಿ. ಅದು ಮೊಂಡುತನವಲ್ಲ, ಹುಟ್ಟುಗುಣ. ನೂರಾರು ವರ್ಷ ಮನುಷ್ಯನೇ ಆಯ್ದು ಆಯ್ದು ಬೆಳೆಸಿದ ಗುಣ.

ಈ ಮೈಗೆ ಕೊಬ್ಬಿನ ಹೊದಿಕೆಯಿಲ್ಲ. ಚರ್ಮ ತೆಳು, ಕೂದಲು ಗಿಡ್ಡ. ಲಾಭವೂ ನಷ್ಟವೂ ಎಲ್ಲ ಇಲ್ಲಿಂದಲೇ.

ಮೊದಲು ಕಟ್ಟುವ ವಿಷಯ. ನಾಯಿಯನ್ನು ಹಗಲಿರುಳು ಸರಪಳಿಯಲ್ಲಿಟ್ಟು ಅಡ್ಡಾಡಿಸದೆ ಬಿಡುವುದು 1960ರ ಪ್ರಾಣಿಹಿಂಸಾ ತಡೆ ಕಾಯಿದೆಯ ಪ್ರಕಾರ ಅಪರಾಧ. ಕಾಯಿದೆಯ ಮಾತು ಹಾಗಿರಲಿ, ಕಟ್ಟಿದ ನಾಯಿ ಏನಾಗುತ್ತದೆಂದು ನೀವೇ ಕಂಡಿದ್ದೀರಿ. ಮೊದಲ ತಿಂಗಳು ಒದರುತ್ತದೆ. ಆಮೇಲೆ ಒಂದೇ ಕಡೆ ಸುತ್ತುತ್ತದೆ, ಕಾಲು ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಳ್ಳುತ್ತದೆ. ಕೊನೆಗೆ ಹತ್ತಿರ ಬಂದ ಕೂಸಿಗೆ ಬಾಯಿ ಹಾಕುತ್ತದೆ. ಅಲ್ಲಿಗೆ ‘ಈ ಜಾತಿನೇ ಕೆಟ್ಟದ್ದು’ ಎಂಬ ತೀರ್ಪು. ನಿಜ ಹೇಳಬೇಕೆಂದರೆ ಮುಧೋಳ ನಾಯಿ ಅಷ್ಟು ಬೊಗಳುವ ಜಾತಿಯೂ ಅಲ್ಲ, ಎಲ್ಲರ ಮೈಮೇಲೆ ಬೀಳುವ ಜಾತಿಯೂ ಅಲ್ಲ. ಹೊಸಬರಿಂದ ದೂರ ನಿಲ್ಲುತ್ತದೆ, ಮನೆಯವರಿಗೆ ಅಂಟಿಕೊಳ್ಳುತ್ತದೆ. ಹಿಂದಿನಿಂದ ಸದ್ದಿಲ್ಲದೆ ಬಂದು ಮೈ ಮುಟ್ಟಿದರೆ ಮಾತ್ರ ಬೆಚ್ಚುತ್ತದೆ. ಮಕ್ಕಳಿಗೆ ಅದನ್ನು ಹೇಳಿಕೊಡಿರಿ: ಮಲಗಿದ ನಾಯಿಯನ್ನು, ಉಣ್ಣುವ ನಾಯಿಯನ್ನು ಮುಟ್ಟಬಾರದು.

ಹಾಗಾದರೆ ದಿನವಿಡೀ ಓಡಿಸಬೇಕೇ? ಬೇಡ. ಇಲ್ಲೇ ಬಹಳ ಜನ ತಪ್ಪು ತಿಳಿಯುತ್ತಾರೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಊರಿನ ಬೆಲ್ ವ್ಯೂ ಎಂಬಲ್ಲಿ 1926ರಲ್ಲಿ ಗ್ರೇಹೌಂಡ್ ಪಂದ್ಯದ ದುಂಡು ಮೈದಾನ ಶುರುವಾಯಿತು. ಅಲ್ಲಿಂದೀಚೆಗೆ ಆ ದೇಶದಲ್ಲಿ ಓಟ ಮುಗಿಸಿದ ಎಷ್ಟೋ ನಾಯಿಗಳನ್ನು ಜನರು ಮನೆಗೆ ಒಯ್ದು ಸಾಕಿದ್ದಾರೆ. ಅವರೆಲ್ಲ ಹೇಳುವ ಮಾತೆಂದರೆ, ಇಷ್ಟು ಸೋಮಾರಿ ಪ್ರಾಣಿ ಇನ್ನೊಂದಿಲ್ಲ, ಹೊತ್ತಿನ ಬಹುಪಾಲು ಮಲಗಿಯೇ ಇರುತ್ತದೆ ಎಂದು. ನಮ್ಮ ನಾಯಿಯೂ ಅದೇ ಸ್ವಭಾವದ್ದು. ಬೆಳಿಗ್ಗೆ ಅರ್ಧ ತಾಸು, ಸಂಜೆ ಅರ್ಧ ತಾಸು ನಡೆದಾಟ. ಅದರೊಳಗೆ ಎರಡು ಮೂರು ಸಲ ಜೀವ ಬಿಟ್ಟು ಓಡುವ ಅವಕಾಶ. ಇಷ್ಟು ಸಿಕ್ಕರೆ ಉಳಿದ ಹೊತ್ತು ಮೂಲೆಯಲ್ಲಿ ಬಿದ್ದಿರುತ್ತದೆ, ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಒಂದು ಹರಕು ಬಟ್ಟೆಯನ್ನು ಉದ್ದ ದಾರಕ್ಕೆ ಕಟ್ಟಿ ಒಬ್ಬರು ಎಳೆದುಕೊಂಡು ಓಡಿರಿ, ನಾಯಿ ಅಟ್ಟಿಕೊಂಡು ಬರಲಿ. ಬೇಟೆಯ ಆಸೆ ಅದರಲ್ಲೇ ತೀರುತ್ತದೆ.

ಮೋಟಾರ್ ಸೈಕಲ್ಲಿನ ಹಿಂದೆ ಕಟ್ಟಿ ಓಡಿಸುವ ಚಾಳಿ ಮಾತ್ರ ಬಿಟ್ಟುಬಿಡಿರಿ. ಗಾಡಿಗೆ ದಣಿವಿಲ್ಲ, ನಾಯಿಗೆ ಉಂಟು. ಅದು ಎರಡು ಮೂರು ಫರ್ಲಾಂಗು ಗಾಳಿಯಂತೆ ಓಡುವ ಪ್ರಾಣಿ. ಹತ್ತು ಕಿಲೋಮೀಟರು ಎಳೆದರೆ ಬೀಳುತ್ತದೆ. ಅದೂ ಡಾಂಬರಿನ ಮೇಲೆ. ನಿಮ್ಮ ಅಂಗೈಯನ್ನು ಡಾಂಬರಿನ ಮೇಲೆ ಇಟ್ಟು ಐದು ಎಣಿಸಿರಿ. ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು. ವರ್ಷ ತುಂಬದ ಮರಿಯ ಎಲುಬು ಕೀಲು ಇನ್ನೂ ಎಳೆಯವು, ಅದಕ್ಕಂತೂ ತಾನಾಗಿ ಆಡುವಷ್ಟು ಆಟವೇ ಸಾಕು.

ಓಡಲು ಬಿಡುವ ಜಾಗವನ್ನು ನೋಡಿ ಆರಿಸಬೇಕು. ಗಾಯರಾಣ, ಬತ್ತಿದ ಕೆರೆಯ ಅಂಗಳ ಒಳ್ಳೆಯದು. ತೊಗರಿ ಕೊಯ್ದ ಹೊಲ, ಹತ್ತಿ ಕಟಿಗೆ ಕಡಿದ ಹೊಲ ಬೇಡವೇ ಬೇಡ. ಆ ಕೂಳೆಗಳು ಓರೆಯಾಗಿ ಕಡಿದ ಗೂಟಗಳಿದ್ದಂತೆ. ಅಷ್ಟು ವೇಗದಲ್ಲಿ ಬಂದ ನಾಯಿಯ ಎದೆಗೆ, ತೊಡೆಗೆ ನಾಟಿದರೆ ಉಳಿಯುವುದು ಕಷ್ಟ. ಮುಳ್ಳುತಂತಿಯ ಬೇಲಿ, ಕಟ್ಟೆಯಿಲ್ಲದ ಬಾವಿ ಇದ್ದ ಕಡೆಯೂ ಬಿಡಬೇಡಿರಿ. ಹಗ್ಗದಲ್ಲಿ ಒಯ್ಯುವಾಗ ಹಗ್ಗ ಮೊಳದುದ್ದ ಇದ್ದರೆ ಸಾಕು. ಹತ್ತು ಮೊಳದ ಹಗ್ಗವಿದ್ದರೆ ಒಮ್ಮೆಲೇ ವೇಗ ಹಿಡಿದು, ಹಗ್ಗ ಮುಗಿದ ಕಡೆ ಕುತ್ತಿಗೆ ಮುರಿದುಕೊಳ್ಳುತ್ತದೆ. ಈ ನಾಯಿಗೆ ತಲೆ ಸಣ್ಣದು, ಕುತ್ತಿಗೆ ಉದ್ದ. ಸಾದಾ ಪಟ್ಟಿ ಸಲೀಸಾಗಿ ಕಿವಿ ದಾಟಿ ಜಾರುತ್ತದೆ. ಮೂರು ಬೆರಳು ಅಗಲದ ಮೆತ್ತನೆಯ ಪಟ್ಟಿಯನ್ನು ಕಿವಿಯ ಹಿಂದಕ್ಕೆ ಏರಿಸಿ ಕಟ್ಟಿರಿ.

ಇನ್ನು ಬೇಟೆ. ‘ಬೇಟೆ ನಾಯಿ ತಂದು ಬೇಟೆ ಆಡಬಾರದಂದ್ರ ಹ್ಯಾಂಗ್ರಿ?’ ಎಂದು ಕೇಳುತ್ತೀರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಮೊಲವಾಗಲಿ, ಚಿಗರಿಯಾಗಲಿ ನಾಯಿ ಬಿಟ್ಟು ಹಿಡಿಸುವುದು ಜೈಲಿಗೂ ದಂಡಕ್ಕೂ ದಾರಿ. ಕೊಲ್ಲುವುದಷ್ಟೇ ಅಲ್ಲ, ಅಟ್ಟಿಸುವುದೂ ಆ ಕಾಯಿದೆಯಲ್ಲಿ ಬೇಟೆಯೇ. ಬೆಳೆ ತಿಂದಿತು, ಅದಕ್ಕೆ ಬಿಟ್ಟೆ ಎಂದರೆ ಕೇಳುವವರಿಲ್ಲ. ಬೆಳೆ ಹಾನಿಯಾದರೆ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಪರಿಹಾರ ಕೇಳುವ ಹಾದಿ ಇದೆ, ಅದನ್ನು ಹಿಡಿಯಿರಿ.

ಕುರಿಯ ವಿಷಯ ಇದಕ್ಕಿಂತ ಹತ್ತಿರದ್ದು. ದೊಡ್ಡದಾದ ಮೇಲೆ ಮೊದಲ ಸಲ ಕುರಿ ಕಂಡ ಬೇಟೆ ನಾಯಿಗೆ ಓಡುವ ಕುರಿಯೂ ಬೇಟೆಯೇ. ಎರಡು ತಿಂಗಳ ಮರಿಯಾಗಿ ಬಂದಾಗಿನಿಂದ ದಿನವೂ ಹಟ್ಟಿಯ ಹತ್ತಿರ ಒಯ್ದು, ಕುರಿ, ಆಡು, ಕೋಳಿಗಳ ನಡುವೆ ಕೂಡಿಸಿ ರೂಢಿ ಮಾಡಿದರೆ ಬಹುಮಟ್ಟಿಗೆ ಸುಧಾರಿಸುತ್ತದೆ. ಹಾಗೆಂದು ಪೂರ್ತಿ ನಂಬಬೇಡಿರಿ. ಎರಡು ನಾಯಿ ಕೂಡಿದರೆ ಮನೆಯ ಕುರಿಗೇ ಬಾಯಿ ಹಾಕಿಯಾವು. ಪಕ್ಕದವರ ಕುರಿ ಸತ್ತರೆ ಅದರ ಬೆಲೆ ನೀವು ಕೊಡಬೇಕಾಗುತ್ತದೆ, ಎರಡು ಮನೆಗಳ ಮಾತು ಕಡಿಯುತ್ತದೆ, ಮರುದಿನ ನಾಯಿಗೆ ಯಾರೋ ವಿಷ ಹಾಕಿರುತ್ತಾರೆ. ರಾತ್ರಿ ಬಾಗಿಲ ಒಳಗೆ ಇರಿಸಿಕೊಳ್ಳುವುದೇ ಇದಕ್ಕೆ ಮದ್ದು.

ಊಟಕ್ಕೆ ಬರೋಣ. ‘ಬಡಕಲು’ ಎಂದಿರಲ್ಲ? ಈ ನಾಯಿಗೆ ಕಡೆಯ ಎರಡು ಮೂರು ಪಕ್ಕೆಲುಬು ಮಸುಕಾಗಿ ಕಾಣುವುದು ರೋಗವಲ್ಲ, ಲಕ್ಷಣ. ಅದನ್ನು ನೋಡಿ ಮರುಗಿ ಬೊಜ್ಜು ಬರುವಂತೆ ಉಣಿಸಿದರೆ ಕೀಲು ಕೆಡುತ್ತವೆ. ಆದರೆ ಇದನ್ನೇ ನೆಪ ಮಾಡಿಕೊಂಡು ಉಪವಾಸ ಕೆಡವುವವರೂ ಇದ್ದಾರೆ. ಅಂಗೈಯಿಂದ ಬೆನ್ನು ಸವರಿ ನೋಡಿರಿ. ಬೆನ್ನೆಲುಬಿನ ಎರಡೂ ಪಕ್ಕ ಗಟ್ಟಿ ಮಾಂಸಖಂಡ ಕೈಗೆ ಹತ್ತಬೇಕು. ಗರಗಸದ ಹಲ್ಲಿನಂತೆ ಮೂಳೆಯೇ ಹತ್ತಿದರೆ ಅದು ಹಸಿವು, ಇಲ್ಲವೇ ಹೊಟ್ಟೆಹುಳ.

ಜೋಳದ ರೊಟ್ಟಿ ಮಜ್ಜಿಗೆಯ ಮೇಲೆ ನಾಯಿ ಬದುಕುತ್ತದೆ, ಮೈ ಹಿಡಿಯುವುದಿಲ್ಲ. ಓಡುವ ಮೈಗೆ ಮಾಂಸದ ಸತ್ವ ಬೇಕು. ದೊಡ್ಡ ನಾಯಿ ಒಂದಕ್ಕೆ ದಿನಕ್ಕೆ ಸುಮಾರು ನಾಲ್ಕು ರೊಟ್ಟಿ, ಎರಡು ಹಿಡಿ ತೊಗರಿಬೇಳೆ ಮೆತ್ತಗೆ ಬೇಯಿಸಿದ್ದು, ಬೇಯಿಸಿದ ಎರಡು ತತ್ತಿ, ಅರ್ಧ ಲೀಟರು ಹಾಲು. ಹಾಲಿಗೆ ಹೊಟ್ಟೆ ಕೆಟ್ಟರೆ ಮಜ್ಜಿಗೆ ಹಾಕಿ ತತ್ತಿ ಒಂದು ಹೆಚ್ಚಿಸಿರಿ. ಮಾಂಸ ಮಾಡಿದ ದಿನ ಬೇಯಿಸಿದ ತುಣುಕು ಕೊಡಿರಿ. ಕೋಳಿಯ ಬೆಂದ ಎಲುಬು ಮಾತ್ರ ಬೇಡ, ಅದು ಸೂಜಿಯಂತೆ ಸೀಳಿ ಕರುಳಿಗೆ ನಾಟುತ್ತದೆ. ತಾಯಂದಿರು ಒಂದು ಮಾತು ಗಮನಿಸಬೇಕು. ಮನೆಯಲ್ಲಿ ಉಳಿದ ಸಾರು, ಪಲ್ಯ ನಾಯಿಯ ಪಾಲಿಗೆ ಹೋಗುತ್ತದಲ್ಲ? ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಗೆ ವಿಷ. ಹಸಿಯದಾಗಲಿ ಬೆಂದದ್ದಾಗಲಿ, ಅದು ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಒಂದು ದಿನಕ್ಕೆ ತಿಳಿಯದು. ತಿಂಗಳುಗಟ್ಟಲೆ ತಿಂದ ನಾಯಿ ಒಸಡು ಬಿಳಿಚಿಕೊಂಡು ಸೊರಗುತ್ತದೆ. ಉಪ್ಪು ಖಾರ ಹಾಕುವ ಮೊದಲೇ ಅದರ ಪಾಲಿನ ಬೇಳೆಯನ್ನು ತೆಗೆದಿಡಿರಿ.

ಎರಡು ಹೊತ್ತಿಗೆ ಹಂಚಿ ಉಣಿಸಿರಿ. ಉಂಡ ಕೂಡಲೇ ಓಡಿಸಬೇಡಿರಿ, ಓಡಿ ಬಂದ ಕೂಡಲೇ ಹಾಕಬೇಡಿರಿ. ನಡುವೆ ಒಂದು ತಾಸಾದರೂ ಇರಲಿ. ಆಳ ಎದೆಯ ನಾಯಿಗಳಲ್ಲಿ ತುಂಬಿದ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವುದುಂಟು. ಹೊಟ್ಟೆ ಡೊಳ್ಳಿನಂತಾಗಿ, ವಾಂತಿಗೆ ಬಂದಂತೆ ಮಾಡಿ ಏನೂ ಬೀಳದಿದ್ದರೆ ಅರೆಗಳಿಗೆಯೂ ತಡೆಯದೆ ಪಶು ಆಸ್ಪತ್ರೆಗೆ ಓಡಬೇಕು. ಮನೆಯ ಮದ್ದಿಗೆ ಅದು ಬಗ್ಗುವುದಿಲ್ಲ.

ನಮ್ಮ ಸೀಮೆಯ ಬೇಸಿಗೆ ನಿಮಗೆ ಹೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲ್ಲೇ ಸಿಡಿಯುವ ಬಿಸಿಲು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ನಾಲಗೆ ಚಾಚಿ ತೇಕಿ ತೇಕಿ ಉಷ್ಣ ಕಳೆಯಬೇಕು. ಓಡುವಾಗ ಅದರ ಮಾಂಸಖಂಡ ಒಲೆಯಂತೆ ಕಾಯುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಹೊತ್ತು ಏರುವ ಮೊದಲು, ಹೊತ್ತು ಮುಳುಗಿದ ಮೇಲೆ ಮಾತ್ರ ಹೊರಗೆ ಒಯ್ಯಿರಿ. ತಗಡಿನ ಶೆಡ್ಡಿನಲ್ಲಿ ಕಟ್ಟುವುದು ಹಂಚಿನ ಮೇಲೆ ಇಟ್ಟಂತೆ. ಬೇವಿನ ನೆರಳು, ಮಣ್ಣಿನ ಮಾಳಿಗೆಯ ಮನೆ ಒಳ್ಳೆಯದು. ಬಾನಿಯಲ್ಲಿ ನೀರು ಸದಾ ಇರಲಿ. ನಾಯಿ ತೂರಾಡಿ, ನಾಲಗೆ ಕಡುಗೆಂಪಾಗಿ, ಅಂಟು ಜೊಲ್ಲು ಸುರಿಯತೊಡಗಿದರೆ ಅದು ಬಿಸಿಲ ಹೊಡೆತ. ಕೂಡಲೇ ನೆರಳಿಗೆ ತಂದು ಹೊಟ್ಟೆ, ತೊಡೆಸಂದು, ಪಾದಗಳ ಮೇಲೆ ಸಾದಾ ನೀರು ಸುರಿಯುತ್ತಾ ಗಾಳಿ ಬೀಸಿರಿ. ಒದ್ದೆ ಗೋಣಿಚೀಲ ಹೊದಿಸಿ ಬಿಡುವ ರೂಢಿಯುಂಟು; ಅದು ಸ್ವಲ್ಪ ಹೊತ್ತಿಗೆ ತಾನೇ ಬಿಸಿಯಾಗಿ ಉಷ್ಣವನ್ನು ಒಳಗೇ ಹಿಡಿದಿಡುತ್ತದೆ. ಬಾಯಿ ಬಿಡಿಸಿ ನೀರು ಹೊಯ್ಯಬೇಡಿರಿ, ಶ್ವಾಸಕ್ಕೆ ಹೋಗುತ್ತದೆ. ಎದ್ದು ನಿಂತರೂ ಡಾಕ್ಟರಿಗೆ ತೋರಿಸಿರಿ. ಒಳಗಿನ ಪೆಟ್ಟು ಮರುದಿನ ಕಾಣಿಸಿಕೊಳ್ಳುವುದುಂಟು.

ಚಳಿಗಾಲದಲ್ಲಿ ಇದರ ತಿರುವು. ಊರನಾಯಿ ಬೂದಿಯ ಗುಂಡಿಯಲ್ಲಿ ಮುದುರಿ ಚಳಿ ಕಳೆಯುತ್ತದೆ, ಇದಕ್ಕೆ ಆಗದು. ನಮ್ಮ ಮನೆಗಳ ಫರಸಿ ಕಲ್ಲಿನ ನೆಲ ಬೇರೆ. ಮೆತ್ತೆಯಿಲ್ಲದ ಮೊಣಕೈ ಕಲ್ಲಿಗೆ ಉಜ್ಜಿ ಉಜ್ಜಿ ಮೊದಲು ಗಂಟು, ಆಮೇಲೆ ಹುಣ್ಣು. ಒಂದು ಹಳೆಯ ಕೌದಿ ಮಡಿಚಿ ಹಾಸಿದರೆ ಎರಡೂ ತಪ್ಪುತ್ತದೆ. ವಾರಕ್ಕೊಮ್ಮೆ ಆ ಕೌದಿಯನ್ನು ಬಿಸಿಲಿಗೆ ಹಾಕುವುದನ್ನು ಮರೆಯಬೇಡಿರಿ.

ತೆಳು ಚರ್ಮದ ಮಾತು ಹೇಳಿದೆನಲ್ಲ. ಜಾಲಿಯ ಮುಳ್ಳು ಗೀರಿದರೂ ಈ ನಾಯಿಯ ಚರ್ಮ ಗೇಣುದ್ದ ಬಿಚ್ಚಿಕೊಂಡೀತು. ಸೀಮೆಎಣ್ಣೆ, ಗ್ರೀಸು, ಸುಣ್ಣ, ತಂಬಾಕು ಯಾವುದನ್ನೂ ಮೆತ್ತಬೇಡಿರಿ. ಕಾಯಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು ಹಾಕಿ ತೊಳೆದು, ಶುಭ್ರ ಬಟ್ಟೆ ಸುತ್ತಿ ಅದೇ ದಿನ ಹೊಲಿಗೆ ಹಾಕಿಸಿರಿ. ತಡವಾದರೆ ನೊಣ ಕೂತು ಹುಳ ಬೀಳುತ್ತದೆ. ಮತ್ತು ಬರಿಸುವ ಔಷಧ ಕೊಡುವ ಪ್ರಸಂಗ ಬಂದರೆ ಇದು ಬೇಟೆ ಜಾತಿಯ ನಾಯಿ ಎಂದು ಡಾಕ್ಟರಿಗೆ ಮೊದಲೇ ನೆನಪು ಮಾಡಿರಿ. ಕೊಬ್ಬಿಲ್ಲದ ಮೈಯಲ್ಲಿ ಕೆಲವು ಮತ್ತಿನ ಔಷಧ ಬೇಗ ಇಳಿಯುವುದಿಲ್ಲ. ಮಳೆಗಾಲದಲ್ಲಿ ಎರೆಮಣ್ಣು ಬೆರಳ ಸಂದಿನಲ್ಲಿ ಹೆಂಟೆಗಟ್ಟುತ್ತದೆ. ಹೊಲದಿಂದ ಬಂದ ಕೂಡಲೇ ಎತ್ತಿನ ಕಾಲು ತೊಳೆದಂತೆ ಇದರ ಕಾಲನ್ನೂ ತೊಳೆಯಿರಿ.

ಉಣ್ಣಿಯ ವಿಷಯದಲ್ಲಿ ನನಗೆ ಬಹಳ ಚಿಂತೆ. ಹತ್ತಿಗೆ ತಂದ ಔಷಧದಲ್ಲಿ ಒಂದು ಮುಚ್ಚಳ ಉಳಿದಿರುತ್ತದೆ, ಅದನ್ನೇ ನೀರಿಗೆ ಬೆರೆಸಿ ನಾಯಿಗೆ ಸವರುತ್ತಾರೆ. ಉಣ್ಣಿ ಸಾಯುತ್ತದೆ, ಜೊತೆಗೆ ನಾಯಿಯೂ ನಡುಗಿ, ನೊರೆ ಕಾರಿ ಸಾಯುತ್ತದೆ. ನೆಕ್ಕಿದ ನಾಯಿಯನ್ನು ಮುಟ್ಟಿದ ಕೂಸಿಗೂ ಅಪಾಯ. ಬೆಳೆಯ ಔಷಧ ಬೆಳೆಗೆ ಮಾತ್ರ. ನಾಯಿಯ ಉಣ್ಣಿಗೆ ಬೇರೆ ಔಷಧವುಂಟು, ತೂಕ ನೋಡಿ ಡಾಕ್ಟರು ಕೊಡುತ್ತಾರೆ. ಕಿವಿಯೊಳಗೆ, ಬೆರಳ ಸಂದಿನಲ್ಲಿ ದಿನವೂ ಹುಡುಕಿ ಕಿತ್ತು ಸುಡಿರಿ. ಗೋಡೆಯ ಬಿರುಕಿಗೆ ಮಣ್ಣು ಮೆತ್ತಿರಿ, ಉಣ್ಣಿ ಮೊಟ್ಟೆಯಿಡುವುದು ಅಲ್ಲಿಯೇ. ಉಣ್ಣಿ ಕಚ್ಚಿದ ನಾಯಿಗೆ ಜ್ವರ ಬಂದು, ಊಟ ಬಿಟ್ಟು, ಮೂಗಿನಿಂದ ರಕ್ತ ಬಂದರೆ ತಡಮಾಡಬೇಡಿರಿ. ಇಲಿಗೆ, ಹಂದಿಗೆ ವಿಷದ ಉಂಡೆ ಇಡುವವರೂ ನೆರೆಯವರಿಗೆ ಮೊದಲೇ ಹೇಳಿ ಇಡುವುದು ಧರ್ಮ.

ಕುರಿ ಸಾಕುವ ಮನೆಯವರು ಇದೊಂದನ್ನು ಚೆನ್ನಾಗಿ ಕೇಳಬೇಕು. ಕುರಿ ಕೊಯ್ದಾಗ ನೀರುಗುಳ್ಳೆ ತುಂಬಿದ ಈಲಿ, ಪುಪ್ಪುಸ, ಇಲ್ಲವೇ ಸತ್ತ ಕುರಿಯ ತಲೆ ನಾಯಿಯ ಮುಂದೆ ಬೀಳುತ್ತದೆ. ಆ ಗುಳ್ಳೆಯೊಳಗೆ ಹುಳದ ಮರಿಗಳಿರುತ್ತವೆ. ಅವು ನಾಯಿಯ ಕರುಳಿನಲ್ಲಿ ಬೆಳೆದು, ಮೊಟ್ಟೆಗಳು ಮಲದೊಡನೆ ಹುಲ್ಲಿಗೆ ಬೀಳುತ್ತವೆ. ಆ ಹುಲ್ಲು ಮೇಯ್ದ ಕುರಿಗೆ ಮತ್ತೆ ಗುಳ್ಳೆ. ಕುರಿ ತಲೆ ವಾರೆ ಮಾಡಿ ಒಂದೇ ಕಡೆ ಗಿರಕಿ ಹೊಡೆದು ಸಾಯುವುದನ್ನು ಕಂಡಿದ್ದೀರಲ್ಲ? ದೇವರ ಕಾಟ ಎನ್ನುತ್ತೀರಿ; ನಾಯಿಯ ಹೊಟ್ಟೆಯ ಇಂಥದೇ ಇನ್ನೊಂದು ಹುಳದ ಮರಿ ಮಿದುಳಿನಲ್ಲಿ ಕೂತಾಗಲೂ ಹಾಗೇ ಆಗುತ್ತದೆ. ಈಲಿಯ ಗುಳ್ಳೆ ಮನುಷ್ಯರಿಗೂ ಆಗುತ್ತದೆ, ನಾಯಿ ಮುಟ್ಟಿದ ಕೈಯಲ್ಲೇ ರೊಟ್ಟಿ ತಿಂದ ಮಗುವಿಗೆ ಆಗುತ್ತದೆ, ಹೊಟ್ಟೆ ಕೊಯ್ದು ತೆಗೆಯಬೇಕಾಗುತ್ತದೆ. ಹಸಿ ಒಳಾಂಗವನ್ನು ನಾಯಿಗೆ ಹಾಕದೆ ಸುಡಿರಿ, ಇಲ್ಲವೇ ಆಳವಾಗಿ ಹೂಳಿರಿ. ಪ್ರಾಜಿಕ್ವಾಂಟೆಲ್ ಎಂಬ ಔಷಧವಿರುವ ಹುಳದ ಗುಳಿಗೆಯನ್ನು ಡಾಕ್ಟರರನ್ನು ಕೇಳಿ ಕ್ರಮವಾಗಿ ಕೊಡಿಸಿರಿ. ಮರಿಗೆ ಮೊದಲ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ ಸಾದಾ ಹುಳದ ಔಷಧ ಬೇಕು.

ಚುಚ್ಚುಮದ್ದಿನಲ್ಲಿ ಉಳಿತಾಯ ನೋಡಬೇಡಿರಿ. ಮರಿ ಆರರಿಂದ ಎಂಟು ವಾರದ್ದಾದಾಗ ರಕ್ತಭೇದಿಯ ಪಾರ್ವೋ ಮತ್ತು ಡಿಸ್ಟೆಂಪರ್ ರೋಗಗಳಿಗೆ ಲಸಿಕೆ ಶುರು. ಮೂರು ನಾಲ್ಕು ವಾರಕ್ಕೊಮ್ಮೆ, ನಾಲ್ಕು ತಿಂಗಳು ತುಂಬುವವರೆಗೆ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ಆಮೇಲೆ ಡಾಕ್ಟರು ಹೇಳಿದಂತೆ ವರ್ಷ ವರ್ಷವೂ. ಹುಚ್ಚು ರೋಗ ಕಾಣಿಸಿಕೊಂಡ ಮೇಲೆ ನಾಯಿಯೂ ಉಳಿಯದು, ಮನುಷ್ಯನೂ ಉಳಿಯುವುದಿಲ್ಲವೆಂದೇ ತಿಳಿಯಿರಿ. ಸಾಕಿದ ನಾಯಿ, ಲಸಿಕೆ ಹಾಕಿದ ನಾಯಿ, ಸುಮ್ಮನೆ ಹಲ್ಲು ತಾಕಿತು ಎಂದು ಉದಾಸೀನ ಮಾಡಬೇಡಿರಿ. ಗಾಯವನ್ನು ಹರಿಯುವ ನೀರು, ಸಾಬೂನಿನಿಂದ ಗಡಿಯಾರ ನೋಡಿ 15 ನಿಮಿಷ ತೊಳೆಯಿರಿ. ಖಾರದಪುಡಿ, ಸುಣ್ಣ ತುಂಬಬೇಡಿರಿ. ನೇರ ಸರಕಾರಿ ಆಸ್ಪತ್ರೆಗೆ ಹೋಗಿ, ಅವರು ಬರೆದುಕೊಟ್ಟ ಎಲ್ಲ ದಿನಗಳ ಸೂಜಿಯನ್ನೂ ತಪ್ಪದೆ ಮುಗಿಸಿರಿ. 1885ರಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ ಎಂಬ ವಿಜ್ಞಾನಿ ನಾಯಿ ಕಚ್ಚಿದ ಒಬ್ಬ ಹುಡುಗನಿಗೆ ಈ ಲಸಿಕೆ ಕೊಟ್ಟು ಉಳಿಸಿದರು. ಅವರು ತೀರಿದ ದಿನವಾದ ಸೆಪ್ಟೆಂಬರ್ 28ನ್ನು ವಿಶ್ವ ರೇಬೀಸ್ ದಿನವೆಂದು ಆಚರಿಸುತ್ತಾರೆ. ಆ ದಿನದ ಸುತ್ತ ಅನೇಕ ಕಡೆ ಪಶು ಆಸ್ಪತ್ರೆಗಳಲ್ಲಿ ನಾಯಿಗಳಿಗೆ ಪುಕ್ಕಟೆ ಲಸಿಕೆ ಹಾಕುತ್ತಾರೆ, ವಿಚಾರಿಸಿರಿ.

ಮರಿ ಮಾರಿ ದುಡ್ಡು ಮಾಡುವ ಆಸೆ ಕೆಲವರಿಗೆ. ಎರಡು ತಿಂಗಳು ತುಂಬದ ಮರಿಯನ್ನು ಮಾರಕೂಡದು, ಹದಿನೆಂಟು ತಿಂಗಳು ತುಂಬದ ಹೆಣ್ಣಿಗೆ ಗಂಡು ಕೂಡಿಸಕೂಡದು, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಕೂಡದು ಎಂದು 2017ರ ನಿಯಮಗಳು ಹೇಳುತ್ತವೆ. ನಾಯಿಯ ಗರ್ಭ ಸುಮಾರು 63 ದಿನ. ಒಂದೇ ಸೂಲಿನ ಅಣ್ಣ ತಂಗಿಯನ್ನು ಕೂಡಿಸಿದರೆ ತಳಿ ಸೊರಗುತ್ತದೆ, ಬಣ್ಣ ಚೆಂದ ಕಂಡರೂ ಮರಿ ನಿಶ್ಶಕ್ತ. ಕೊಳ್ಳುವವರು ತಾಯಿನಾಯಿಯನ್ನು ಕಣ್ಣಾರೆ ನೋಡದೆ ಮುಂಗಡ ಕೊಡಬೇಡಿರಿ. ಮೊಬೈಲಿನಲ್ಲಿ ಕಂಡ ಚಿತ್ರದ ಮರಿಯೇ ಬೇರೆ, ಬುಟ್ಟಿಯಲ್ಲಿ ಬಂದ ಮರಿಯೇ ಬೇರೆ ಆಗಬಹುದು. ಮರಿ ಬೇಡದವರು ಸಂತಾನಹರಣ ಮಾಡಿಸುವುದು ಲೇಸು. ಅದರಿಂದ ನಾಯಿಯ ಓಟ ಕುಂದುವುದಿಲ್ಲ.

ಇಷ್ಟನ್ನೂ ಕೇಳಿ ‘ಇದು ನಮ್ಮಿಂದ ಆಗದ ಮಾತು’ ಎಂದು ಯಾರಿಗಾದರೂ ಅನ್ನಿಸಿದ್ದರೆ ಅದರಲ್ಲಿ ನಾಚಿಕೆಯಿಲ್ಲ. ಹೊಲದ ಕಾವಲಿಗೆ ಊರನಾಯಿಯ ಮರಿಯೇ ಉತ್ತಮ, ಅದಕ್ಕೂ ಅದೇ ಲಸಿಕೆ ಹಾಕಿಸಿರಿ. ಈಗಾಗಲೇ ಬೇಟೆ ನಾಯಿ ಕಟ್ಟಿಕೊಂಡವರು ನಾಳೆ ಬೆಳಿಗ್ಗೆಯಿಂದಲೇ ಅರ್ಧ ತಾಸು ಬಿಚ್ಚಿ ಒಯ್ಯಲು ತೊಡಗಿರಿ. ಮನೆಯಲ್ಲಿ ಶಾಲೆಗೆ ಹೋಗುವ ಮಗ, ಮಗಳು ಇದ್ದರೆ ಅವರಿಗೆ ಒಪ್ಪಿಸಬಹುದು, ಆದರೆ ಹಗ್ಗ ಹಿಡಿಯುವ ಕೈಗೆ ಬಲವಿರಬೇಕು.

ಕೊನೆಗೆ, ಪೆಟ್ಟಾದ ನಾಯಿಯನ್ನು ಸಾಗಿಸುವ ಬಗೆ. ನೋವಿನಲ್ಲಿ ಸಾಕಿದ ನಾಯಿಯೂ ಸಾಕಿದವನನ್ನೇ ಕಚ್ಚುತ್ತದೆ. ಮೆತ್ತನೆಯ ಬಟ್ಟೆಯ ಪಟ್ಟಿಯಿಂದ ಮೂತಿಯನ್ನು ಎರಡು ಸುತ್ತು ಸುತ್ತಿ ಕಿವಿಯ ಹಿಂದೆ ಗಂಟು ಹಾಕಿರಿ. ವಾಂತಿ ಮಾಡುತ್ತಿದ್ದರೆ, ತೇಕುತ್ತಿದ್ದರೆ, ಬಿಸಿಲು ಹೊಡೆದಿದ್ದರೆ ಮೂತಿ ಕಟ್ಟಬಾರದು. ಕಾಲು ಹಿಡಿದು ಎತ್ತದೆ ಪಕ್ಕದಲ್ಲಿ ಕೌದಿ ಹಾಸಿ ಮೆಲ್ಲಗೆ ಅದರ ಮೇಲೆ ಸರಿಸಿ, ನಾಲ್ಕು ಮೂಲೆ ನಾಲ್ವರು ಹಿಡಿದು ಎತ್ತಿರಿ. ಹೊರಡುವ ಮೊದಲು 1962 ಸಂಖ್ಯೆಗೆ ಫೋನು ಮಾಡಿ ಪಶು ಚಿಕಿತ್ಸೆಯ ವಾಹನ ನಿಮ್ಮೂರಿಗೆ ಬರುತ್ತದೆಯೇ ಎಂದು ಕೇಳಿಕೊಳ್ಳಿರಿ. ಲಸಿಕೆಯ ಚೀಟಿ ಜೊತೆಗಿರಲಿ.